ಮೂಕವಾದ ಲ್ಯಾಪ್‌ಟಾಪಿಗೆ ಮರಳಿ ಮಾತು

(ನಮ್ಮ ಬ್ಲಾಕಿನ ಯುವಕ ಸಂಘಗಳ ಸಂಜೆಯ ಸಭೆಯಲ್ಲಿ ರೈತರೊಬ್ಬರು ಮಾಡಿದ ಭಾಷಣ)



ಈ ಸಭೆಯಲ್ಲಿ ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ಕರುಗಳ ಸಾಕಣೆ ಮುಂತಾದ ವಿಷಯಗಳ ಮೇಲೆ ಮಾತು ನಡೆಯುತ್ತದೆ. ಈ ಸಲ ಲ್ಯಾಪ್‌ಟಾಪಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ನಾನು ಎಂಜಿನಿಯರ್ ಅಲ್ಲ. ಎರಡು ಎಕರೆ ರಾಗಿ, ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡಿರುವ ಒಕ್ಕಲುಮಗ. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ನಾನು ಕಲಿತುದು ನಿಮಗೂ ಉಪಯೋಗಕ್ಕೆ ಬಂದೀತೆಂದು ಒಪ್ಪಿಕೊಂಡೆ. ಪಂಪು ನಿಂತುಹೋದರೆ ನಾವು ಮೊದಲು ಫ್ಯೂಸು ನೋಡುತ್ತೇವೆ, ಆಮೇಲೆ ಸ್ಟಾರ್ಟರು ನೋಡುತ್ತೇವೆ. ನೋಡಿದ ಕೂಡಲೇ ಹೊಸ ಮೋಟಾರು ತರಲು ಹೊರಡುವುದಿಲ್ಲ. ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಆ ತಾಳ್ಮೆಯೇ ಬೇಕು. ಇಂದು ನಾನು ಹೇಳಬೇಕಾದ ಮಾತು ಇದೊಂದೇ.

ನನ್ನ ಅಕ್ಕನ ಮಗನಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಆದರೂ ಅವನು ಛಲ ಬಿಡದೆ ಪದವಿಯವರೆಗೆ ಓದಿದ. ಓದುವ ಕಾಲದಲ್ಲಿ ಕೊಂಡ ಒಂದು ಲ್ಯಾಪ್‌ಟಾಪು ಅವನಲ್ಲಿತ್ತು. 2011ರ ಸುಮಾರಿನಲ್ಲಿ ತಯಾರಾದುದು. ಕಣ್ಣು ಕಾಣದವನು ಪರದೆ ನೋಡಿ ಕೆಲಸ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಪರದೆಯ ಮೇಲಿರುವ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಉಂಟು. ಅವುಗಳಲ್ಲಿ ಎನ್‌ವಿಡಿಎ ಎಂಬುದು ಒಂದು. ಆಸ್ಟ್ರೇಲಿಯ ದೇಶದ ಮೈಕೇಲ್ ಕರನ್ ಎಂಬವರು 2006ರಲ್ಲಿ ಇದನ್ನು ಬರೆಯಲು ತೊಡಗಿದರು. ಅವರ ಸ್ನೇಹಿತ ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣದು. ತಮ್ಮ ಕಷ್ಟ ತಿಳಿದವರೇ ಮಾಡಿದ ಸಾಧನವಾದ್ದರಿಂದ ಅದನ್ನು ಎಲ್ಲರಿಗೂ ಉಚಿತವಾಗಿಯೇ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ.

ಈ ತಂತ್ರಾಂಶದ ನೆರವಿನಿಂದ ನನ್ನ ಸೋದರಳಿಯ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ ಬರೆಯುತ್ತಿದ್ದ. ಬೆಳಗಿನ ಹಾಲು, ಸಂಜೆಯ ಹಾಲು, ಜಿಡ್ಡಿನ ಅಂಶ, ಯಾರಿಗೆಷ್ಟು ಬಟವಾಡೆ ಎಂಬುದನ್ನೆಲ್ಲ ಕೀಲಿಮಣೆಯಲ್ಲಿ ಒತ್ತುವನು, ಯಂತ್ರ ಓದಿ ಹೇಳಿದ್ದನ್ನು ಕಿವಿಯಿಂದ ತಾಳೆ ನೋಡುವನು. ತಿಂಗಳಿಗೆ ಸಂಘ ಕೊಡುವ ಸಂಬಳ ಅವನದೇ ದುಡಿಮೆ. ಅದನ್ನು ತಾಯಿಯ ಕೈಗೆ ಕೊಡುವಾಗ ಅವನ ಮುಖ ನೋಡಬೇಕಿತ್ತು.

ಹಳೆಯ ಲ್ಯಾಪ್‌ಟಾಪಿನಲ್ಲಿ ಇದ್ದುದು ವಿಂಡೋಸ್ 7. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ, ವಿಂಡೋಸ್ ಅಂಥದೊಂದು. 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಕಂಪನಿಯ ರಕ್ಷಣೆ ನಿಂತುಹೋಯಿತು. ಇನ್ನು ವಿಂಡೋಸ್ 10 ಹಾಕಿಸಿಕೊಳ್ಳುವುದು ಒಳ್ಳೆಯದೆಂದು ಯಾರೋ ಹೇಳಿದರು. ಮಾತು ಸರಿಯೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಪಟ್ಟಣದ ಒಂದು ಅಂಗಡಿಯಲ್ಲಿ ಕೊಟ್ಟು, ಒಳಗಿನ ಕಡತಗಳೆಲ್ಲ ಹಾಗೆಯೇ ಉಳಿಯುವಂತೆ ಹೊಸದನ್ನು ಹಾಕಿಸಿ ತಂದೆವು.

ಮನೆಗೆ ಬಂದು ತೆರೆದರೆ ಯಂತ್ರ ಮೂಕ! ಪರದೆಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ನಮಗೆ. ಅವನಿಗೆ? ನಮ್ಮ ಲ್ಯಾಪ್‌ಟಾಪಿನ ಧ್ವನಿ ಹೋದರೆ ಹಾಡು ಕೇಳುವುದು ತಪ್ಪುತ್ತದೆ, ಅಷ್ಟೆ. ಅವನಿಗೆ ಧ್ವನಿ ಹೋಯಿತೆಂದರೆ ಪರದೆ, ಪುಸ್ತಕ, ಲೆಕ್ಕ, ಕೆಲಸ ಎಲ್ಲವೂ ಒಟ್ಟಿಗೆ ಹೋದಂತೆ. ಅವನು ಕೀಲಿಗಳನ್ನು ಒತ್ತಿ ಒತ್ತಿ ನೋಡಿ, ಕೊನೆಗೆ ಮುಚ್ಚಳ ಮುಚ್ಚಿ ಜಗಲಿಯ ಮೇಲೆ ಹೋಗಿ ಕುಳಿತ.

ಅಂಗಡಿಯವರನ್ನು ಕೇಳಿದರೆ, "ಒಳಗಿನ ಬೋರ್ಡು ಹೋಗಿದೆ, ಬದಲಾಯಿಸಬೇಕು, ನಾಲ್ಕು ಸಾವಿರ ಆಗುತ್ತದೆ" ಎಂದರು. ನಮ್ಮ ರಾಗಿ ಒಕ್ಕಣೆ ಇನ್ನೂ ಮುಗಿದಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ಎರಡು ವಾರ ಹಾಗೆಯೇ ಕಳೆಯಿತು. ಸಂಘದವರು ಎಷ್ಟು ದಿನ ಕಾದಾರು? ಆ ತಿಂಗಳ ಪುಸ್ತಕವನ್ನು ಬೇರೊಬ್ಬ ಹುಡುಗನಿಗೆ ಒಪ್ಪಿಸಿದರು. ಲ್ಯಾಪ್‌ಟಾಪನ್ನು ಗುಜರಿಗೆ ಹಾಕಿಬಿಡೋಣವೆಂದು ಅಕ್ಕ ಹೇಳಿದಳು. ಅಂದು ನಾನು ಅದನ್ನು ನಮ್ಮ ಮನೆಗೆ ತಂದುಕೊಂಡೆ.

ಡ್ರೈವರ್ ಎಂದರೇನು?

ನಿನ್ನೆಯವರೆಗೆ ಮಾತಾಡುತ್ತಿದ್ದ ಯಂತ್ರ, ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ ದಿನವೇ ಮೂಕವಾದರೆ, ಬೋರ್ಡು ಅದೇ ದಿನ ಕೆಟ್ಟಿತೆಂದು ನಂಬುವುದು ಕಷ್ಟ. ಬದಲಾದುದು ಯಾವುದೋ, ತಪ್ಪನ್ನು ಮೊದಲು ಅಲ್ಲಿಯೇ ಹುಡುಕಬೇಕು. ಹೊಸ ಗೊಬ್ಬರ ಹಾಕಿದ ವಾರವೇ ಪೈರು ಹಳದಿಯಾದರೆ ನಾವು ಮೊದಲು ಗೊಬ್ಬರವನ್ನಲ್ಲವೆ ಅನುಮಾನಿಸುವುದು?

ಲ್ಯಾಪ್‌ಟಾಪಿನೊಳಗೆ ಧ್ವನಿ ಹೊರಡಿಸುವುದಕ್ಕೆಂದೇ ಒಂದು ಚಿಕ್ಕ ಬಿಲ್ಲೆ ಇರುತ್ತದೆ. ಅದಕ್ಕೆ ಚಿಪ್ಪು ಎನ್ನುತ್ತಾರೆ. ಆ ಚಿಪ್ಪನ್ನು ನಡೆಸುವ ಸಣ್ಣ ತಂತ್ರಾಂಶದ ಹೆಸರು ಡ್ರೈವರ್. ಹೆಸರೇ ಅರ್ಥವನ್ನು ಹೇಳುತ್ತದೆ. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಇದೆ, ಡೀಸೆಲ್ ಇದೆ, ಆದರೆ ಆ ಟ್ರ್ಯಾಕ್ಟರಿನ ಗೇರು ಬಲ್ಲ ಡ್ರೈವರ್ ಊರು ಬಿಟ್ಟಿದ್ದಾನೆ. ಟ್ರ್ಯಾಕ್ಟರ್ ನಿಂತಲ್ಲೇ ನಿಂತಿದೆ. ಅದನ್ನು ಕೆಟ್ಟಿದೆ ಎನ್ನಬಹುದೆ? ವಿಂಡೋಸ್ 7ರ ಜೊತೆ ಕೆಲಸ ಮಾಡಿಕೊಂಡಿದ್ದ ಧ್ವನಿಯ ಡ್ರೈವರ್ ವಿಂಡೋಸ್ 10 ಬಂದಾಗ ಜೊತೆಯಲ್ಲಿ ಬರಲಿಲ್ಲ. ಆದದ್ದು ಇಷ್ಟೆ.

ಹಾಗಾದರೆ ಹೊಸ ವಿಂಡೋಸು ತನ್ನದೇ ಡ್ರೈವರನ್ನು ತರುವುದಿಲ್ಲವೆ? ಬಹಳ ಸಲ ತರುತ್ತದೆ. ಇಂಟೆಲ್ ಕಂಪನಿ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಎಂಬ ಒಂದು ಪದ್ಧತಿಯನ್ನು ಗೊತ್ತುಮಾಡಿತು. ಅದರಂತೆ ತಯಾರಾದ ಚಿಪ್ಪುಗಳನ್ನು ಮಟ್ಟಿಗೆ ನಡೆಸಬಲ್ಲ ಒಂದು ಸಾಮಾನ್ಯ ಡ್ರೈವರ್ ವಿಂಡೋಸಿನೊಳಗೇ ಇರುತ್ತದೆ. ಕೆಲವೊಮ್ಮೆ ಅದು ತಾನಾಗಿ ಕೆಲಸಕ್ಕೆ ಹತ್ತುವುದಿಲ್ಲ. ನಾವು ಕರೆದು ಕೂರಿಸಬೇಕಾಗುತ್ತದೆ. ಅದಕ್ಕಿಂತ ಹಿಂದಿನ, 1997ರ ಎಸಿ 97 ಪದ್ಧತಿಯ ತೀರ ಹಳೆಯ ಯಂತ್ರಗಳಿಗೆ ಹೊಸ ವಿಂಡೋಸಿನಲ್ಲಿ ಡ್ರೈವರ್ ಸಿಗುವುದು ಕಷ್ಟ. ಅವುಗಳಿಗೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಮೊದಲು ಸುಲಭವಾದುದನ್ನು ನೋಡಿ

ಧ್ವನಿ ಬರದಿದ್ದರೆ ಕೂಡಲೇ ಡ್ರೈವರ್ ಎಂದು ಹೊರಡಬಾರದು. ಧ್ವನಿಯನ್ನು ಮುಚ್ಚುವ ಕೀಲಿಯನ್ನು ಯಾರಾದರೂ ಒತ್ತಿದ್ದಾರೆಯೇ ನೋಡಿ. ಪರದೆಯ ಕೆಳಗೆ ಬಲಮೂಲೆಯಲ್ಲಿ ಸ್ಪೀಕರಿನ ಚಿತ್ರವಿರುತ್ತದೆ. ಅದರ ಪಕ್ಕದಲ್ಲಿ ಗುಣಿಸುವ ಗುರುತಿದ್ದರೆ ಧ್ವನಿ ಮುಚ್ಚಿದೆಯೆಂದೋ, ಧ್ವನಿಯ ಸಾಧನವೇ ಸಿಕ್ಕಿಲ್ಲವೆಂದೋ ಅರ್ಥ. ಆ ಚಿತ್ರವನ್ನು ಒತ್ತಿದರೆ ಯಾವುದು ಎಂಬುದು ತಿಳಿಯುತ್ತದೆ. ಇಯರ್‌ಫೋನನ್ನು ಒಮ್ಮೆ ಚುಚ್ಚಿ ತೆಗೆಯಿರಿ. ಧ್ವನಿಯು ಟಿ.ವಿ.ಗೆ ಹೋಗುವ ದಾರಿಗೆ ತಿರುಗಿಕೊಂಡಿದೆಯೇ ನೋಡಿ. ಮಡೆಯ ಬಾಯಿ ಪಕ್ಕದ ಗದ್ದೆಯ ಕಡೆಗೆ ತೆರೆದಿದ್ದರೆ ನಮ್ಮ ಗದ್ದೆಗೆ ನೀರು ಬಾರದಷ್ಟೆ.

ಇನ್ನೊಂದು ಮಾತು. ವಿಂಡೋಸ್ 8ರಿಂದ ಈಚೆಗೆ, ಲ್ಯಾಪ್‌ಟಾಪನ್ನು ಶಟ್ ಡೌನ್ ಮಾಡಿದರೆ ಅದು ಸಾಧಾರಣವಾಗಿ ಪೂರ್ತಿ ಆರುವುದಿಲ್ಲ; ಮರುದಿನ ಬೇಗ ಏಳಲೆಂದು ಒಳಗಿನ ಸ್ಥಿತಿಯನ್ನು ಬರೆದಿಟ್ಟುಕೊಂಡು ಮಲಗುತ್ತದೆ. ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಎಂಬುದನ್ನೇ ಒತ್ತಬೇಕು. ಎಷ್ಟೋ ಸಲ ಇಷ್ಟರಿಂದಲೇ ಧ್ವನಿ ಮರಳುವುದುಂಟು. ನಮ್ಮದರಲ್ಲಿ ಮರಳಲಿಲ್ಲ.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೊಂದು ದಡ್ಡತನವನ್ನು ಮುಚ್ಚಿಡದೆ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, "ನಿಮ್ಮ ಡ್ರೈವರುಗಳನ್ನೆಲ್ಲ ನಾವೇ ಹುಡುಕಿ ಹಾಕುತ್ತೇವೆ, ಉಚಿತ" ಎಂಬ ಜಾಹೀರಾತು ಕಂಡಿತು. ಇಳಿಸಿ ಹಾಕಿದೆ. ಅದು ಯಂತ್ರವನ್ನೆಲ್ಲ ಜಾಲಾಡಿದಂತೆ ಮಾಡಿ, ನಿಮ್ಮ ಡ್ರೈವರುಗಳೆಲ್ಲ ಹಳತಾಗಿವೆ, ಸರಿಪಡಿಸಬೇಕಾದರೆ ಹಣ ಕಟ್ಟಿ ಎಂದಿತು. ಹಣ ಕಟ್ಟಲಿಲ್ಲ, ದೇವರು ದೊಡ್ಡವನು. ಆದರೆ ಆಮೇಲೆ ಲ್ಯಾಪ್‌ಟಾಪು ತೆರೆದಾಗಲೆಲ್ಲ ಕರೆಯದ ಜಾಹೀರಾತುಗಳು ಬಂದು ಕೂರತೊಡಗಿದವು. ಅವನ್ನು ಕಿತ್ತು ಹಾಕುವುದಕ್ಕೇ ಎರಡು ದಿನ ಹಿಡಿಯಿತು.

ಸಂತೆಯಲ್ಲಿ ಗುರುತಿಲ್ಲದವನು ಚೀಲವಿಲ್ಲದ, ಚೀಟಿಯಿಲ್ಲದ ಬೀಜವನ್ನು ಪುಕ್ಕಟೆ ಕೊಟ್ಟರೆ ನಾವು ಹೊಲಕ್ಕೆ ಹಾಕುತ್ತೇವೆಯೇ? ಡ್ರೈವರೂ ಹಾಗೆಯೇ. ಯಂತ್ರದ ಒಳಗಿನ ಒಳಕ್ಕೆ ಹೋಗಿ ಕೂರುವ ತಂತ್ರಾಂಶ ಅದು. ಅದನ್ನು ವಿಂಡೋಸಿನಿಂದ ತೆಗೆದುಕೊಳ್ಳಬೇಕು, ಇಲ್ಲವೆ ಲ್ಯಾಪ್‌ಟಾಪು ಮಾಡಿದ ಕಂಪನಿಯಿಂದ, ಇಲ್ಲವೆ ಚಿಪ್ಪು ಮಾಡಿದ ಕಂಪನಿಯಿಂದ. ನಾಲ್ಕನೆಯವರು ಬೇಡ.

ಮತ್ತೊಂದು ತಪ್ಪು ನಾವು ತಡಮಾಡಿದ್ದು. ವಿಂಡೋಸ್ 10ಕ್ಕೆ ಏರಿದ ಮೇಲೆ ಒಗ್ಗದಿದ್ದರೆ, 10 ದಿನಗಳೊಳಗಾಗಿ ಹಳೆಯದಕ್ಕೆ ಹಿಂದಿರುಗುವ ಅವಕಾಶವನ್ನು ಅದೇ ಕೊಟ್ಟಿತ್ತು. ಸೆಟ್ಟಿಂಗ್ಸ್ ಎಂಬಲ್ಲಿ ರಿಕವರಿ ಎಂಬ ಕಡೆ ಆ ಗುಂಡಿ ಇರುತ್ತದೆ. ಒಕ್ಕಣೆಯ ಗಡಿಬಿಡಿಯಲ್ಲಿ ನಮಗೆ ಹದಿನಾಲ್ಕು ದಿನ ಕಳೆದುಹೋಗಿತ್ತು, ಗುಂಡಿ ಮಾಯವಾಗಿತ್ತು.

ಹಂಗಾಮಿಗೆ ಬಂದ ಸ್ವರ

ಅಷ್ಟರಲ್ಲಿ ನಮ್ಮೂರ ಶಾಲೆಯ ಮೇಷ್ಟರು ಒಂದು ಉಪಾಯ ಹೇಳಿದರು. ಯುಎಸ್‌ಬಿ ತೂತಿಗೆ, ಅಂದರೆ ಪೆನ್‌ಡ್ರೈವ್ ಚುಚ್ಚುವ ತೂತಿಗೆ, ಚುಚ್ಚುವ ಹೆಡ್‌ಫೋನುಗಳು ಉಂಟು. ಅವುಗಳ ಹೊಟ್ಟೆಯಲ್ಲೇ ಧ್ವನಿಯ ಚಿಪ್ಪು ಇರುತ್ತದೆ. ಅಂಥವುಗಳನ್ನು ನಡೆಸುವ ಡ್ರೈವರ್ ವಿಂಡೋಸಿನೊಳಗೇ ಸಿದ್ಧವಾಗಿರುತ್ತದೆ. ಲ್ಯಾಪ್‌ಟಾಪಿನ ಚಿಪ್ಪು ಮಲಗಿದ್ದರೂ ಇದು ಕೆಲಸ ಮಾಡುತ್ತದೆ. ಕೆಲವು ನೂರು ರೂಪಾಯಿಯ ಮಾತು. ಹೆಬ್ಬೆರಳಿನಷ್ಟು ಚಿಕ್ಕದಾದ ಯುಎಸ್‌ಬಿ ಧ್ವನಿಕಾರ್ಡುಗಳೂ ಸಿಗುತ್ತವೆ. ನಾನು ಆಗಲೇ ಹೇಳಿದ ತೀರ ಹಳೆಯ ಯಂತ್ರಗಳಿಗೆ ಇದೇ ಕಾಯಂ ಮದ್ದು.

ಮೇಷ್ಟರು ತಮ್ಮ ಯುಎಸ್‌ಬಿ ಹೆಡ್‌ಫೋನನ್ನು ಕೊಟ್ಟರು. ನಾನು ಅಳಿಯನನ್ನು ಕರೆಸಿ, ಅವನ ಕಿವಿಗೆ ಹಾಕಿ, ತುದಿಯನ್ನು ಚುಚ್ಚಿದೆ. ಅವನು ಕಂಟ್ರೋಲ್, ಆಲ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಓದುವ ತಂತ್ರಾಂಶವನ್ನು ಎಬ್ಬಿಸುವ ಕೀಲಿಗಳವು. ಒಂದು ಕ್ಷಣ ಸುಮ್ಮನಿದ್ದವನು, "ಮಾವ, ಮಾತಾಡ್ತು!" ಎಂದ. ನನಗೆ ಏನೂ ಕೇಳಿಸಲಿಲ್ಲ, ಹೆಡ್‌ಫೋನು ಅವನ ಕಿವಿಯಲ್ಲಿತ್ತು. ಅವನ ಮುಖ ನೋಡಿಯೇ ನನಗೆ ತಿಳಿಯಿತು.

ಅಲ್ಲಿಂದ ಮುಂದೆ ನಾನು ಮೌಸಿಗೆ ಕೈ ಹಾಕಹೋದರೆ, "ನೀನು ಬಿಡು ಮಾವ, ನಾನೇ ಹುಡುಕ್ತೀನಿ" ಎಂದ. ಮುಂದೆ ಹೇಳುವ ಕೆಲಸವನ್ನೆಲ್ಲ ಮಾಡಿದವನು ಅವನೇ. ನಾನು ಪಕ್ಕದಲ್ಲಿ ಕೂತು ಕಾಗದದಲ್ಲಿ ಬರೆದುಕೊಂಡೆ.

ಹಳದಿ ಗುರುತು

ಕೀಲಿಮಣೆಯಲ್ಲಿ ವಿಂಡೋಸಿನ ಚಿತ್ರವಿರುವ ಕೀಲಿಯನ್ನೂ ಎಕ್ಸ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಡಿವೈಸ್ ಮ್ಯಾನೇಜರ್ ಎಂಬುದನ್ನು ಆರಿಸಬೇಕು. ಇದು ಯಂತ್ರದ ಒಳಗಿರುವ ಎಲ್ಲ ಅಂಗಗಳ ಹಾಜರಿ ಪುಸ್ತಕವಿದ್ದಂತೆ. ಧ್ವನಿಯ ಅಂಗ ಸರಿಯಾಗಿದ್ದರೆ ಅದು ಸೌಂಡ್ ಎಂದು ಆರಂಭವಾಗುವ ಸಾಲಿನ ಕೆಳಗೆ ಇರುತ್ತದೆ. ಡ್ರೈವರ್ ಇಲ್ಲದಿದ್ದರೆ ಅದರ್ ಡಿವೈಸಸ್ ಎಂಬ ಸಾಲಿನ ಕೆಳಗೆ, ಹಳದಿ ತ್ರಿಕೋನದ ಗುರುತಿನೊಡನೆ ಬಿದ್ದಿರುತ್ತದೆ.

ಆ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಅದರ ಸ್ಥಿತಿಯನ್ನು ಹೇಳುವ ಕಿಟಕಿ ತೆರೆಯುತ್ತದೆ. ಅಲ್ಲಿ ಕೋಡ್ ಎಂದು ಒಂದು ಸಂಖ್ಯೆ ಇರುತ್ತದೆ. 28 ಎಂದಿದ್ದರೆ ಡ್ರೈವರ್ ಹಾಕಿಲ್ಲವೆಂದು ಅರ್ಥ. 10 ಎಂದಿದ್ದರೆ ಅಂಗವು ಶುರುವಾಗಲಾರದೆ ನಿಂತಿದೆ. ಬಹಳ ಸಲ ತಪ್ಪು ಡ್ರೈವರೇ ಇದಕ್ಕೆ ಕಾರಣ. 22 ಎಂದಿದ್ದರೆ ಯಾರೋ ಅದನ್ನು ನಿಲ್ಲಿಸಿದ್ದಾರೆ, ಎನೇಬಲ್ ಎಂದು ಒತ್ತಿದರೆ ಸಾಕು. ನಮ್ಮ ಯಂತ್ರದಲ್ಲಿ ಇದ್ದುದು 28. ಅಳಿಯ ಅದನ್ನು ಕಿವಿಯಿಂದ ಕೇಳಿ, "ಬೋರ್ಡು ಹೋಗಿಲ್ಲ ಮಾವ. ಹೋಗಿದ್ರೆ ಇದರ ಹೆಸರೇ ಪಟ್ಟಿಯಲ್ಲಿ ಬರ್ತಿರಲಿಲ್ಲ" ಎಂದ. ಮಾತು ನಿಜವೇ. ಪಟ್ಟಿಯಲ್ಲಿ ಹೆಸರು ಬಂದಿದೆಯೆಂದರೆ ಚಿಪ್ಪು ಕೂಗಿಗೆ ಓಗೊಡುತ್ತಿದೆ ಎಂದೇ ತಿಳಿಯಬೇಕು.

ಚಿಪ್ಪಿನ ಗೋತ್ರ

ಈಗ ಚಿಪ್ಪು ಯಾರದೆಂದು ತಿಳಿಯಬೇಕು. ಅದೇ ಕಿಟಕಿಯಲ್ಲಿ ಡೀಟೇಲ್ಸ್ ಎಂಬುದನ್ನು ಒತ್ತಿ, ಪಟ್ಟಿಯಿಂದ ಹಾರ್ಡ್‌ವೇರ್ ಐಡೀಸ್ ಎಂಬುದನ್ನು ಆರಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಉದ್ದ ಸಾಲು ಕಾಣುತ್ತದೆ. ಹೆದರಬೇಕಾಗಿಲ್ಲ. ಅದರಲ್ಲಿ ವಿ, ಇ, ಎನ್ ಎಂಬ ಮೂರು ಅಕ್ಷರಗಳನ್ನು ಹುಡುಕಿ. ಅದರ ಮುಂದಿನ ನಾಲ್ಕು ಗುರುತುಗಳು ಚಿಪ್ಪು ಮಾಡಿದ ಕಂಪನಿಯ ಗೋತ್ರ. 10ಇಸಿ ಎಂದಿದ್ದರೆ ರಿಯಲ್‌ಟೆಕ್. 14ಎಫ್1 ಎಂದಿದ್ದರೆ ಕೊನೆಕ್ಸೆಂಟ್. 111ಡಿ ಎಂದಿದ್ದರೆ ಐಡಿಟಿ. ಅದರ ಮುಂದೆ ಡಿ, ಇ, ವಿ ಎಂಬ ಅಕ್ಷರಗಳಾದ ಮೇಲೆ ಬರುವ ನಾಲ್ಕು ಗುರುತುಗಳು ಚಿಪ್ಪಿನ ಸ್ವಂತ ಸಂಖ್ಯೆ. ನಮ್ಮದು ರಿಯಲ್‌ಟೆಕ್ಕಿನ 0269 ಎಂದು ಅಳಿಯ ಓದಿ ಹೇಳಿದ, ನಾನು ಬರೆದುಕೊಂಡೆ.

ಇಲ್ಲಿ ಮೋಸಹೋಗುವ ಒಂದು ಜಾಗವಿದೆ. ಪಟ್ಟಿಯಲ್ಲಿ 8086 ಎಂಬ ಇಂಟೆಲ್ ಗೋತ್ರದ ಧ್ವನಿಸಾಧನವೊಂದು ಹಳದಿ ಗುರುತಿಲ್ಲದೆ ಚೆನ್ನಾಗಿಯೇ ಕಾಣಬಹುದು. ಧ್ವನಿಯ ಡ್ರೈವರ್ ಇದೆಯಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಸಾಮಾನ್ಯವಾಗಿ ಅದು ಎಚ್‌ಡಿಎಂಐ ತಂತಿಯ ಮೂಲಕ ಟಿ.ವಿ.ಗೆ ಧ್ವನಿ ಕಳಿಸುವ ಅಂಗ. ಲ್ಯಾಪ್‌ಟಾಪಿನ ಸ್ಪೀಕರಿಗೂ ಅದಕ್ಕೂ ಸಂಬಂಧವಿಲ್ಲ.

ಡ್ರೈವರನ್ನು ಕೂರಿಸುವುದು

ಹೊಸದೇನನ್ನಾದರೂ ಹಾಕುವ ಮುನ್ನ ರಿಸ್ಟೋರ್ ಪಾಯಿಂಟ್ ಎಂಬುದನ್ನು ಮಾಡಿಕೊಳ್ಳಬೇಕು. ಸ್ಟಾರ್ಟಿನಲ್ಲಿ ಆ ಹೆಸರನ್ನು ಟೈಪು ಮಾಡಿದರೆ ದಾರಿ ಸಿಗುತ್ತದೆ. ಹಾಕಿದ್ದು ಒಗ್ಗದಿದ್ದರೆ ಆ ಗುರುತಿಗೆ ಮರಳಬಹುದು. ಬಾವಿಗೆ ಇಳಿಯುವವನು ಹಗ್ಗ ಕಟ್ಟಿಕೊಂಡು ಇಳಿಯುತ್ತಾನಲ್ಲ, ಅಂಥ ಹಗ್ಗ ಇದು.

ಮೊದಲು ವಿಂಡೋಸನ್ನೇ ಕೇಳಬೇಕು. ಹಳದಿ ಗುರುತಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅಪ್‌ಡೇಟ್ ಡ್ರೈವರ್ ಎಂಬುದನ್ನು ಆರಿಸಿ, ತಾನಾಗಿ ಹುಡುಕಲು ಹೇಳಬೇಕು. ನಾವು ಕೇಳಿದೆವು, ಅದಕ್ಕೆ ಸಿಗಲಿಲ್ಲ.

ಆಗ ಎರಡನೆಯ ದಾರಿ. ಅದೇ ಅಪ್‌ಡೇಟ್ ಡ್ರೈವರಿನಲ್ಲಿ ಬ್ರೌಸ್ ಎಂಬ ಸಾಲನ್ನು ಒತ್ತಿ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಅರ್ಥದ ಸಾಲನ್ನು ಒತ್ತಬೇಕು. ಸೌಂಡ್ ಎಂಬ ವರ್ಗ, ಅದರಲ್ಲಿ ಮೈಕ್ರೋಸಾಫ್ಟ್, ಅದರಲ್ಲಿ ಹೈ ಡೆಫಿನಿಷನ್ ಆಡಿಯೋ ಡಿವೈಸ್. ಇದೇ ನಾನು ಮೊದಲು ಹೇಳಿದ ಸಾಮಾನ್ಯ ಡ್ರೈವರ್. ಇದು ಸರಿಹೊಂದದೆ ಹೋಗಬಹುದೆಂದು ಯಂತ್ರ ಎಚ್ಚರಿಕೆ ಹೇಳುತ್ತದೆ. ಹಗ್ಗ ಕಟ್ಟಿಕೊಂಡಿದ್ದೇವಲ್ಲ ಎಂದು ಅಳಿಯ ಒಪ್ಪಿಗೆ ಒತ್ತಿದ. ಆಮೇಲೆ ರೀಸ್ಟಾರ್ಟ್ ಮಾಡಿ, ಮೇಷ್ಟರ ಹೆಡ್‌ಫೋನನ್ನು ಕಿತ್ತೆವು.

ಅರ್ಧ ನಿಮಿಷ ಮನೆಯೆಲ್ಲ ನಿಶ್ಶಬ್ದ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಆಮೇಲೆ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿನಿಂದ, ನಾವೆಲ್ಲ ಕೇಳುವಂತೆ, ಯಂತ್ರ ಮಾತಾಡಿತು. ಖರ್ಚಾದುದು ಒಂದು ಕಾಸೂ ಇಲ್ಲ.

ಕೆಲಸ ಅಲ್ಲಿಗೆ ಪೂರ್ತಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಸಾಮಾನ್ಯ ಡ್ರೈವರ್ ಬಾಡಿಗೆಯ ಆಳಿನಂತೆ. ಮುಖ್ಯ ಕೆಲಸ ಮಾಡುತ್ತಾನೆ, ಮನೆಯ ಮೂಲೆಮೂಲೆ ಅರಿಯ. ಇಯರ್‌ಫೋನು ಚುಚ್ಚಿದರೂ ಧ್ವನಿ ಸ್ಪೀಕರಿನಲ್ಲೇ ಬರುತ್ತಿತ್ತು. ಸಂಘದ ಕಚೇರಿಯಲ್ಲಿ ನಾಲ್ಕು ಜನರ ನಡುವೆ ಕೂತು ಲೆಕ್ಕ ಬರೆಯುವವನಿಗೆ ಇಯರ್‌ಫೋನು ಬೇಕೇ ಬೇಕು. ಆದ್ದರಿಂದ ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿನ ಮಾಡೆಲ್ ಸಂಖ್ಯೆಯನ್ನು ನೋಡಿಕೊಂಡು, ತಯಾರಿಸಿದ ಕಂಪನಿಯ ತಾಣಕ್ಕೇ ಹೋದೆವು. ಅಲ್ಲಿ ವಿಂಡೋಸ್ 7ರವರೆಗಿನ ಡ್ರೈವರುಗಳು ಮಾತ್ರ ಇದ್ದವು. ಅದನ್ನೇ ಇಳಿಸಿದೆವು. ಇಳಿಸುವಾಗ 32 ಬಿಟ್ ಮತ್ತು 64 ಬಿಟ್ ಎಂಬ ಎರಡು ಬಗೆ ಕಾಣುತ್ತವೆ. ನಮ್ಮ ವಿಂಡೋಸ್ ಯಾವ ಬಗೆಯೋ ಡ್ರೈವರೂ ಅದೇ ಬಗೆಯದಾಗಿರಬೇಕು. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ಎಂಬಲ್ಲಿ ಇದನ್ನು ಬರೆದಿರುತ್ತದೆ.

ಇಳಿಸಿದ ಕಡತದ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸಿನಲ್ಲಿ ಕಂಪ್ಯಾಟಿಬಿಲಿಟಿ ಎಂಬುದನ್ನು ತೆರೆದು, ವಿಂಡೋಸ್ 7 ಎಂದು ಗುರುತು ಹಾಕಿ ನಡೆಸಿದೆವು. ಹಳೆಯ ಕಡತಕ್ಕೆ ತಾನು ಹಳೆಯ ಮನೆಯಲ್ಲೇ ಇದ್ದೇನೆ ಎನಿಸುವಂತೆ ಮಾಡುವ ಉಪಾಯ ಇದು. ಎಲ್ಲ ಯಂತ್ರಗಳಲ್ಲಿಯೂ ಫಲಿಸುತ್ತದೆಂದು ನಾನು ಹೇಳಲಾರೆ. ನಮ್ಮದರಲ್ಲಿ ಫಲಿಸಿತು, ಇಯರ್‌ಫೋನಿನ ತೂತೂ ಜೀವ ತಳೆಯಿತು. ಫಲಿಸದೆ ಹೋಗಿದ್ದರೆ ಸಾಮಾನ್ಯ ಡ್ರೈವರಿಗೆ ಮರಳಿ, ಒಂದು ಯುಎಸ್‌ಬಿ ಹೆಡ್‌ಫೋನು ಕೊಂಡು ಕೆಲಸ ಸಾಗಿಸುತ್ತಿದ್ದೆವು.

ಈಗಿನ ಕಾಲಕ್ಕೆ ಎರಡು ಮಾತು

ಇದು 2020ರ ಕಥೆ, ಈಗೇಕೆ ಎಂದು ಕೇಳಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ರಕ್ಷಣೆಯೂ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತೆಯ ಅಂಗವೂ ಹೊಸ ಬಗೆಯ ಪ್ರಾಸೆಸರೂ ಇರಬೇಕೆಂದು ಕೇಳುತ್ತದೆ. ಹತ್ತು ಹನ್ನೆರಡು ವರ್ಷದ ಯಂತ್ರಗಳಲ್ಲಿ ಅವು ಇರುವುದಿಲ್ಲ. ಅಂದರೆ ನಮ್ಮ ಹಳ್ಳಿಗಳಲ್ಲಿರುವ ಹಳೆಯ ಲ್ಯಾಪ್‌ಟಾಪುಗಳ ಮಾಲೀಕರು ಮತ್ತೊಮ್ಮೆ ಬದಲಾವಣೆಯ ಹೊಸ್ತಿಲಲ್ಲಿ ನಿಂತಿದ್ದಾರೆ. ಕೆಲವರು ಹೇಗೋ ಒತ್ತಾಯದಿಂದ ಹೊಸದನ್ನು ಹಾಕಿಸುತ್ತಾರೆ. ಕೆಲವರು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿಗೆ ಹೋಗುತ್ತಾರೆ. ಎರಡು ಕಡೆಯೂ ಧ್ವನಿಯ ತೊಡಕು ಬರಬಹುದು.

ಲಿನಕ್ಸಿನ ಒಂದು ಗುಣವನ್ನು ಎಲ್ಲರೂ ಬಳಸಿಕೊಳ್ಳಬಹುದು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪಿನೊಳಗೆ ಏನನ್ನೂ ಬರೆಯದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಧ್ವನಿಯ ಡ್ರೈವರುಗಳು ಅದರ ಒಡಲಲ್ಲೇ ಸೇರಿರುತ್ತವೆ. ಅದರಲ್ಲಿ ಧ್ವನಿ ಬಂದರೆ ಚಿಪ್ಪೂ ಸ್ಪೀಕರೂ ಸರಿಯಾಗಿವೆಯೆಂದು ಖಾತ್ರಿ. ಬೋರ್ಡು ಹೋಗಿದೆ ಎನ್ನುವವರ ಮುಂದೆ ಇದೊಂದು ಪರೀಕ್ಷೆ ಇಟ್ಟರೆ ಸಾಕು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಕೊಳ್ಳಬೇಡಿ ಎಂದು ನಮಗೆ ಹೇಳಿಕೊಟ್ಟಿಲ್ಲವೆ?

ಇನ್ನು ಮುಂಜಾಗ್ರತೆ. ಆಪರೇಟಿಂಗ್ ಸಿಸ್ಟಮನ್ನು ಬದಲಾಯಿಸುವ ಮೊದಲೇ ಮಾಡೆಲ್ ಸಂಖ್ಯೆ, ಧ್ವನಿಚಿಪ್ಪಿನ ಗೋತ್ರ ಮತ್ತು ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕಂಪನಿಯ ತಾಣದಿಂದ ಡ್ರೈವರುಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಬದಲಾವಣೆಯ ನಂತರ ಕೆಲವೊಮ್ಮೆ ಇಂಟರ್ನೆಟ್ಟಿನ ಡ್ರೈವರೂ ಕಾಣೆಯಾಗಿ, ಇಳಿಸುವುದಕ್ಕೇ ದಾರಿ ಇಲ್ಲದಂತಾಗುತ್ತದೆ. ಅಂಗಡಿಗೆ ಕೊಟ್ಟಿದ್ದರೆ, ಹಣ ಕೊಡುವ ಮೊದಲು ಅಲ್ಲಿಯೇ ಧ್ವನಿ, ಕ್ಯಾಮೆರಾ, ವೈಫೈ ಮೂರನ್ನೂ ನೋಡಿ ತನ್ನಿ. ಹಸು ಕೊಳ್ಳುವಾಗ ಕರೆದು ನೋಡಿಯೇ ಹಣ ಎಣಿಸುವವರು ನಾವು.

ಸಭಿಕರೇ, ನನ್ನ ಅಳಿಯನ ಪುಸ್ತಕ ಅವನಿಗೆ ಮರಳಿ ಬಂದಿತೆ ಎಂದು ನೀವು ಕೇಳುವಿರಿ. ಮರುತಿಂಗಳು ಬಂದಿತು. ಮಧ್ಯೆ ಲೆಕ್ಕ ಬರೆದ ಹುಡುಗನೇ ಪುಸ್ತಕವನ್ನು ತಂದುಕೊಟ್ಟು, ಎರಡು ಕಡೆ ಕೂಡಿಸುವುದರಲ್ಲಿ ತಪ್ಪಿದ್ದೇನೆ, ನೋಡಿಕೊಡಬೇಕು ಎಂದು ಕೇಳಿಕೊಂಡ. ಇವನು ಕಿವಿಯಿಂದ ಕೇಳಿ ಎರಡನ್ನೂ ಹಿಡಿದುಕೊಟ್ಟ. ಈಗ ಸುತ್ತಲ ಊರುಗಳಲ್ಲಿ ಯಾರ ಲ್ಯಾಪ್‌ಟಾಪು ಮೂಕವಾದರೂ ಅವನ ಜಗಲಿಗೆ ಬರುತ್ತದೆ. ಅವನು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಮಾತು ನಿಲ್ಲಿಸುವ ಹಿಂದಿನ ದಿನ ಏನು ಮಾಡಿದ್ರಿ?" ಆ ಪ್ರಶ್ನೆಯಲ್ಲಿ ಅರ್ಧ ಉತ್ತರವಿದೆ.

ನೆನಪಿನಲ್ಲಿಡಬೇಕಾದ ಅಂಶಗಳನ್ನು ಮತ್ತೊಮ್ಮೆ ಹೇಳಿ ಮುಗಿಸುತ್ತೇನೆ.

1. ಬದಲಾವಣೆಯ ದಿನವೇ ಧ್ವನಿ ಹೋದರೆ ಮೊದಲು ಡ್ರೈವರನ್ನು ಅನುಮಾನಿಸಿ, ಬೋರ್ಡನ್ನಲ್ಲ.
2. ಧ್ವನಿಯ ಕೀಲಿ, ಟಿ.ವಿ.ಯ ದಾರಿ, ರೀಸ್ಟಾರ್ಟ್ ಇವನ್ನು ಮೊದಲು ನೋಡಿ.
3. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, ಕೋಡ್ ಸಂಖ್ಯೆ, ಚಿಪ್ಪಿನ ಗೋತ್ರ ಮೂರನ್ನೂ ಬರೆದುಕೊಳ್ಳಿ.
4. ಏನನ್ನಾದರೂ ಹಾಕುವ ಮುನ್ನ ರಿಸ್ಟೋರ್ ಪಾಯಿಂಟ್ ಮಾಡಿ.
5. ವಿಂಡೋಸ್, ಲ್ಯಾಪ್‌ಟಾಪು ಮಾಡಿದವರು, ಚಿಪ್ಪು ಮಾಡಿದವರು: ಈ ಮೂವರನ್ನು ಬಿಟ್ಟು ಬೇರೆಯವರ ಡ್ರೈವರ್ ಹಾಕಬೇಡಿ.
6. ಯಾವುದೂ ಆಗದಿದ್ದರೆ ಯುಎಸ್‌ಬಿ ಹೆಡ್‌ಫೋನು ಇದ್ದೇ ಇದೆ.

ಹಳೆಯ ಎತ್ತನ್ನು ಕುಂಟಿತೆಂದ ಮಾತ್ರಕ್ಕೆ ನಾವು ಹೊಡೆದಟ್ಟುವುದಿಲ್ಲ. ಗೊರಸಿನಲ್ಲಿ ಮುಳ್ಳಿದೆಯೇ ಎಂದು ಕಾಲೆತ್ತಿ ನೋಡುತ್ತೇವೆ. ನಿಮ್ಮ ಮನೆಯ ಹಳೆಯ ಯಂತ್ರವನ್ನೂ ಒಮ್ಮೆ ಕಾಲೆತ್ತಿ ನೋಡಿ.